ನೆತ್ತರಿನ ಕಿರುಬಿಲ್ಲೆಗಳೂ ಎಲುಬಿನ ಬೆಸುಗೆಯೂ

ಊರಿನಿಂದ ಡೆಂಗಿ ಜ್ವರದ ಸುದ್ದಿ ಬಂದಾಗಲೆಲ್ಲ ದೂರವಾಣಿಯಲ್ಲಿ ನಾವು ಮೊದಲು ಕೇಳುವುದು ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂದು. ರಕ್ತಸ್ರಾವವನ್ನು ತಡೆಯುವ ಈ ಕಿರುಬಿಲ್ಲೆಗಳು ಮುರಿದ ಮೂಳೆಯ ಬೆಸುಗೆಯಲ್ಲಿಯೂ ಪಾಲ್ಗೊಳ್ಳುತ್ತವೆಂಬ ತಿಳಿವು ಮಾತ್ರ ತೀರ ಈಚಿನದು.

ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ 1865ರಲ್ಲಿಯೇ ಇವುಗಳನ್ನು ವರ್ಣಿಸಿದ್ದನು. ಆದರೆ ಇವುಗಳ ಕಾರ್ಯವನ್ನು ಕಣ್ಣಾರೆ ಕಂಡು ನಿರೂಪಿಸಿದವನು ಇಟಲಿಯ ತೂರಿನ್ ನಗರದ ಜೂಲಿಯೊ ಬಿಟ್ಸೊಝೆರೊ. 1882ರ ಹೊತ್ತಿಗೆ ಆತನು ಜೀವಂತ ಗಿನಿಪಿಗ್‌ಗಳ ಕರುಳುಪೊರೆಯ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ನಾಳಕ್ಕೆ ಗಾಯವಾದೊಡನೆ ಮೊದಲು ಬಂದು ಅಂಟುವವು ಈ ಬಿಲ್ಲೆಗಳೇ ಎಂದು ತೋರಿಸಿದನು. ಬಳಿಕ ಬಹುಕಾಲ ಇವುಗಳನ್ನು ಹೆಚ್ಚಾಗಿ ತೂತು ಮುಚ್ಚುವ ಬಿರಡೆಯೆಂದೇ ಭಾವಿಸಲಾಯಿತು.

ಆ ಭಾವನೆ ಬದಲಾದುದು ಮೂಳೆಯ ಅಧ್ಯಯನದಿಂದಲ್ಲ, ರಕ್ತನಾಳಗಳ ಅಧ್ಯಯನದಿಂದ. ಸಿಯಾಟಲ್‌ನಲ್ಲಿ ರಸ್ಸೆಲ್ ರಾಸ್ ಮತ್ತು ಸಂಗಡಿಗರು ಕೋತಿಯ ಧಮನಿಯ ಸ್ನಾಯುಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಹೆಪ್ಪುಗಟ್ಟಿದ ರಕ್ತದಿಂದ ಪಡೆದ ಸೀರಮ್ ಹಾಕಿದರೆ ಕೋಶಗಳು ವೃದ್ಧಿಸುತ್ತಿದ್ದವು. ಬಿಲ್ಲೆಗಳನ್ನು ತೆಗೆದ ಪ್ಲಾಸ್ಮಾದಿಂದ ಪಡೆದ ಸೀರಮ್ ಹಾಕಿದರೆ ಅಷ್ಟಾಗಿ ವೃದ್ಧಿಸುತ್ತಿರಲಿಲ್ಲ. 1974ರಲ್ಲಿ ಪ್ರಕಟವಾದ ಈ ಸರಳ ಹೋಲಿಕೆ ಬಿಲ್ಲೆಗಳ ಒಡಲಲ್ಲಿರುವ ಬೆಳವಣಿಗೆಯ ಪ್ರೋಟೀನಿನ ಕಡೆಗೆ ಬೆರಳು ತೋರಿತು. ಮುಂದೆ ಪಿಡಿಜಿಎಫ್ ಎಂದು ಹೆಸರಾದುದು ಇದೇ.

ಮೂಳೆ ಮುರಿದಾಗ ಅಲ್ಲಿ ಮೊದಲು ಉಂಟಾಗುವುದು ನೆತ್ತರಿನ ಗಡ್ಡೆ. ಅದರಲ್ಲಿ ಸಿಕ್ಕಿದ ಬಿಲ್ಲೆಗಳು ತಮ್ಮ ಕಣಿಕೆಗಳನ್ನು ಬರಿದುಮಾಡುತ್ತವೆ. ಹೊರಬಂದ ಪ್ರೋಟೀನುಗಳಲ್ಲಿ ಕೆಲವು ಮೂಳೆ ಕಟ್ಟಬಲ್ಲ ಕೋಶಗಳನ್ನು ಕರೆತಂದು ವೃದ್ಧಿಪಡಿಸುತ್ತವೆ, ಕೆಲವು ಹೊಸ ರಕ್ತನಾಳಗಳನ್ನು ಚಿಗುರಿಸುತ್ತವೆ. ಹಾಗಾದರೆ ರೋಗಿಯದೇ ರಕ್ತವನ್ನು ಗಿರಕಿಯಂತ್ರದಲ್ಲಿ ತಿರುಗಿಸಿ, ಬಿಲ್ಲೆಗಳನ್ನು ಸಾಂದ್ರಗೊಳಿಸಿ, ಗಾಯಕ್ಕೆ ಲೇಪಿಸಿದರೇನು? ಮಯಾಮಿಯ ರಾಬರ್ಟ್ ಮಾರ್ಕ್ಸ್ ಮತ್ತು ಸಹೋದ್ಯೋಗಿಗಳು ಗಡ್ಡೆ ತೆಗೆದ ಮೇಲೆ ಖಂಡವಾದ 88 ಕೆಳದವಡೆಗಳಿಗೆ ಸೊಂಟದ ಮೂಳೆಯನ್ನು ಕಸಿಮಾಡಿ ಇದನ್ನು ಪರೀಕ್ಷಿಸಿದರು. 1998ರ ಅವರ ವರದಿಯಂತೆ, ಆರು ತಿಂಗಳ ಬಳಿಕ ಬಿಲ್ಲೆಗಳ ಲೇಪವಿದ್ದ ಕಸಿಗಳಲ್ಲಿ ಮೂಳೆಯ ಪ್ರಮಾಣ ಶೇಕಡಾ 74, ಇಲ್ಲದವುಗಳಲ್ಲಿ ಶೇಕಡಾ 55.

ಆ ವರದಿಯ ಬೆನ್ನಿಗೆ ಉತ್ಸಾಹವು ಸಾಕ್ಷ್ಯವನ್ನು ಹಿಂದಿಕ್ಕಿ ಓಡಿತೆಂದೇ ಹೇಳಬೇಕು. ದವಡೆಯಲ್ಲಿ ಕಂಡದ್ದು ತೊಡೆಯಲ್ಲಿಯೂ ಕಾಣಬೇಕೆಂದಿಲ್ಲ. ಒಂದೊಂದು ಯಂತ್ರದ ಸಾಂದ್ರತೆಯೂ ಒಂದೊಂದು ಬಗೆ. 2012ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶಕರು ಉದ್ದ ಮೂಳೆಗಳ ಬೆಸುಗೆಯ ಬಗ್ಗೆ ಹುಡುಕಿದಾಗ ಅವರ ಒರೆಗಲ್ಲಿಗೆ ನಿಂತದ್ದು 21 ರೋಗಿಗಳ ಒಂದೇ ಪ್ರಯೋಗ. ನಮ್ಮ ಸಮ್ಮೇಳನದ ಹಿರಿಯರಲ್ಲಿ ಯಾರಿಗಾದರೂ ಇಂಥ ಚುಚ್ಚುಮದ್ದನ್ನು ಕೈಯಿಂದ ಹಣ ತೆತ್ತು ಪಡೆಯಿರೆಂಬ ಸಲಹೆ ಬಂದರೆ, ಯಾವ ಮೂಳೆಗೆ, ಯಾವ ಪ್ರಯೋಗದ ಆಧಾರದ ಮೇಲೆ ಎಂದು ಕೇಳುವ ಹಕ್ಕು ಅವರಿಗುಂಟು.

ಗಟ್ಟಿ ಸಾಕ್ಷ್ಯ ದೊರೆತದ್ದು ಬೇರೊಂದು ದಾರಿಯಲ್ಲಿ. ಬಿಲ್ಲೆಗಳನ್ನೇ ಬಿಟ್ಟು, ಅವುಗಳ ಪಿಡಿಜಿಎಫ್ ಪ್ರೋಟೀನನ್ನು ಯೀಸ್ಟ್ ಕೋಶಗಳಲ್ಲಿ ತಯಾರಿಸಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳೊಡನೆ ಬೆರೆಸಿದ ಉತ್ಪನ್ನಕ್ಕೆ 2015ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆಯಿತ್ತಿತು. ಕಣಕಾಲು ಮತ್ತು ಹಿಂಪಾದದ ಕೀಲುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಲ್ಲಿ, ರೋಗಿಯ ದೇಹದ ಬೇರೆಡೆಯಿಂದ ಮೂಳೆ ಕೊಯ್ದು ತರುವ ಬದಲು ಇದನ್ನು ಬಳಸಬಹುದು.