ಬೂಟಿನ ಮೇಲೆ ಯಾರ ಹೆಸರು?

ಅಮೆರಿಕದ ಕಾನ್ವರ್ಸ್ ಕಂಪನಿ 1917ರಲ್ಲಿ ಬಾಸ್ಕೆಟ್‌ಬಾಲ್ ಆಡುವವರಿಗೆಂದು ‘ಆಲ್ ಸ್ಟಾರ್’ ಎಂಬ ಕ್ಯಾನ್ವಾಸ್ ಬೂಟು ತಂದಾಗ ಅದರ ಮೇಲೆ ಯಾವ ಮನುಷ್ಯನ ಹೆಸರೂ ಇರಲಿಲ್ಲ. ನಾಲ್ಕೈದು ವರ್ಷ ಕಳೆದ ಮೇಲೆ ಚಕ್ ಟೇಲರ್ ಎಂಬ ಆಟಗಾರ ಅಲ್ಲಿ ಕೆಲಸಕ್ಕೆ ಸೇರಿದ. ಊರೂರು ಅಲೆದು ಹುಡುಗರಿಗೆ ಆಟ ಹೇಳಿಕೊಡುವುದು, ಜೊತೆಗೆ ಬೂಟು ಮಾರುವುದು ಅವನ ಕೆಲಸ. 1930ರ ದಶಕದಲ್ಲಿ ಕಂಪನಿ ಆತನ ಸಹಿಯನ್ನು ಕಣಕಾಲಿನ ಬಳಿಯ ದುಂಡು ಬಿಲ್ಲೆಯ ಮೇಲೆ ಅಚ್ಚು ಹಾಕಿಸಿತು. ಅಲ್ಲಿಂದ ಶುರುವಾಯಿತು ನೋಡಿ, ಬೂಟಿನ ಮೇಲೆ ಹೆಸರು ಬರೆಯುವ ಪದ್ಧತಿ. ಸ್ನೀಕರ್ ವಿನ್ಯಾಸದ ನೂರು ವರ್ಷದ ಕಥೆಯನ್ನು ಬಣ್ಣ, ಆಕಾರಗಳ ಲೆಕ್ಕದಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದರ ಮೇಲೆ ಯಾರ ಹೆಸರು ಬಂತು, ಯಾರದು ಬರಲಿಲ್ಲ ಎಂದು ಕೇಳುತ್ತ ಹೋದರೆ ಅದೇ ಕಥೆ ಬೇರೆಯಾಗಿ ಕಾಣುತ್ತದೆ.

ತಾಂತ್ರಿಕ ಬುನಾದಿಯನ್ನು ಒಂದೆರಡು ಮಾತಲ್ಲಿ ಮುಗಿಸಬಹುದು. ಹಸಿ ರಬ್ಬರು ಬಿಸಿಲಿಗೆ ಕರಗುತ್ತಿತ್ತು, ಚಳಿಗೆ ಬಿರಿಯುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಮುಟ್ಟಾಗುತ್ತದೆ ಎಂಬ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ರಬ್ಬರ್ ಅಟ್ಟೆ, ಬಟ್ಟೆಯ ಮೈ ಎಂಬ ಜೋಡಿ ಸಾಧ್ಯವಾದದ್ದು ಇದರಿಂದ. ಶನಿವಾರದ ಡ್ರಿಲ್‌ಗೆಂದು ಬಿಳಿ ಕ್ಯಾನ್ವಾಸ್ ಶೂಗೆ ಚಾಕ್‌ಪೀಸ್ ಉಜ್ಜಿಕೊಂಡು ಶಾಲೆಗೆ ಓಡಿದ ನಮ್ಮಲ್ಲಿನ ಎರಡು ಮೂರು ತಲೆಮಾರಿನವರಿಗೂ ಈ ಜೋಡಿ ಚೆನ್ನಾಗಿ ಗೊತ್ತು.

ಚಕ್ ಟೇಲರ್ ಹಾಕಿದ ದಾರಿಯಲ್ಲೇ ಉಳಿದ ಆಟಗಾರರು ಬಂದರು. ಇದರಲ್ಲೊಂದು ತಮಾಷೆಯ ಪ್ರಸಂಗವಿದೆ. ಅಡಿಡಾಸ್‌ನ ಬಿಳಿ ಚರ್ಮದ ಟೆನಿಸ್ ಶೂ ಮೊದಲಿಗೆ ಫ್ರಾನ್ಸಿನ ರಾಬರ್ಟ್ ಹೈಯೆ ಹೆಸರಿನಲ್ಲಿತ್ತು. ಆತ ನಿವೃತ್ತನಾದ ಮೇಲೆ 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ ಸ್ಮಿತ್ ಮುಖವನ್ನು ಶೂ ನಾಲಿಗೆಯ ಮೇಲೆ ಅಚ್ಚೊತ್ತಿದರು. ಆದರೆ ಹೈಯೆಯ ಹೆಸರನ್ನು ಅಳಿಸಲಿಲ್ಲ. ಕೆಲ ವರ್ಷ ಒಂದೇ ಜೋಡಿಯ ಮೇಲೆ ಒಬ್ಬನ ಹೆಸರು, ಇನ್ನೊಬ್ಬನ ಮುಖ! ಇತ್ತ ನೈಕಿಯ ಗುರುತಾದ ಆ ಬಾಗಿದ ಗೆರೆಯನ್ನು 1971ರಲ್ಲಿ ಬರೆದುಕೊಟ್ಟದ್ದು ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ. ಆಗ ಕೈಗೆ ಸಿಕ್ಕ ಸಂಭಾವನೆ 35 ಡಾಲರ್. ಮುಂದೆ ಕಂಪನಿ ಷೇರುಗಳನ್ನು ಕೊಟ್ಟು ಗೌರವಿಸಿತು, ಅದು ಸರಿ. ಆದರೂ ಲೋಕವೆಲ್ಲ ಕಂಡಿರುವ ಆ ಗೆರೆಯ ಒಡತಿ ಯಾರೆಂದು ಅದನ್ನು ತೊಟ್ಟವರಲ್ಲಿ ಎಷ್ಟು ಜನಕ್ಕೆ ಗೊತ್ತು?

ವಿನ್ಯಾಸಕಾರರು ಬೆಳಕಿಗೆ ಬಂದದ್ದು 1980ರ ದಶಕದಲ್ಲಿ. ವಾಸ್ತುಶಿಲ್ಪ ಓದಿದ್ದ ಟಿಂಕರ್ ಹ್ಯಾಟ್‌ಫೀಲ್ಡ್, ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ಕಟ್ಟಡದಲ್ಲಿ ಕೊಳವೆ, ಕಂಬಗಳೆಲ್ಲ ಹೊರಗೇ ಕಾಣುವುದನ್ನು ನೋಡಿ, ನೈಕಿಯ 1987ರ ಏರ್ ಮ್ಯಾಕ್ಸ್‌ನ ಅಟ್ಟೆಗೆ ಕಿಟಕಿ ಕೊರೆದು ಒಳಗಿನ ಗಾಳಿಚೀಲ ಕಾಣುವಂತೆ ಮಾಡಿದ. ಅದಕ್ಕೆ ಎರಡು ವರ್ಷ ಮೊದಲು ಏರ್ ಜೋರ್ಡನ್ ಬಂದು ಆಟಗಾರನೊಬ್ಬನ ಹೆಸರೇ ಒಂದು ಉದ್ಯಮವಾಗಿತ್ತು. ಆ ಕಥೆ ಸಿನಿಮಾ ಕೂಡ ಆಗಿದೆ, ಇಲ್ಲಿ ಬೆಳೆಸುವುದಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ಗಿರಾಕಿಗಳು ತಾವೇ ಕೈಹಾಕಿದ ಕಥೆ. 1966ರ ಮಾರ್ಚ್ 16ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ವ್ಯಾನ್ ಡೋರೆನ್ ಸೋದರರು ಶುರುಮಾಡಿದ ‘ವ್ಯಾನ್ಸ್’ನಲ್ಲಿ ಶೂ ತಯಾರಾಗುವುದೂ ಅಲ್ಲೇ, ಮಾರುವುದೂ ಅಲ್ಲೇ. ಮೊದಲ ದಿನ ಬಂದವರು ಬೆಳಗ್ಗೆ ಹೇಳಿಹೋಗಿ ಅದೇ ದಿನ ಮತ್ತೆ ಬಂದು ಶೂ ಒಯ್ದರಂತೆ. ಅಂಗಡಿಯಲ್ಲಿದ್ದ ಬಣ್ಣ ಒಪ್ಪದವರು ತಾವೇ ಬಟ್ಟೆ ತಂದುಕೊಟ್ಟರೂ ಹೊಲಿದುಕೊಡುತ್ತಿದ್ದರು. ಮುಂದೆ ಸ್ಕೇಟ್‌ಬೋರ್ಡ್ ಹುಡುಗರು ರಬ್ಬರ್ ಅಂಚಿನ ಮೇಲೆ ಪೆನ್ನಿನಿಂದ ಚದುರಂಗದ ಮನೆಗಳನ್ನು ಗೀಚತೊಡಗಿದರು. ಕಂಪನಿ ಅದನ್ನು ಕಂಡು, ಆ ಮನೆಗಳನ್ನೇ ಬಟ್ಟೆಯ ಮೇಲೆ ಮುದ್ರಿಸಿ ಮಾರುಕಟ್ಟೆಗೆ ಬಿಟ್ಟಿತು. 1982ರ ಹಾಲಿವುಡ್ ಚಿತ್ರವೊಂದರಲ್ಲಿ ಶಾನ್ ಪೆನ್ ಅದನ್ನು ತೊಟ್ಟ ಮೇಲೆ ಅದು ವ್ಯಾನ್ಸ್‌ನ ಗುರುತೇ ಆಗಿಹೋಯಿತು. ಮೊದಲು ಗೀಚಿದ ಹುಡುಗ ಯಾರೋ, ಅವನ ಹೆಸರು ಯಾವ ಪೆಟ್ಟಿಗೆಯ ಮೇಲೂ ಇಲ್ಲ.

ಅದೇ 1982ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಡ್ಯಾಪರ್ ಡ್ಯಾನ್ ಎಂದೇ ಹೆಸರಾದ ಡೇನಿಯಲ್ ಡೇ ಅಂಗಡಿ ತೆರೆದ. ಗುಚ್ಚಿ, ಲೂಯಿ ವಿಟಾನ್, ಫೆಂಡಿ ಕಂಪನಿಗಳ ಚೀಲಗಳ ಮೇಲಿರುತ್ತಿದ್ದ ಅಕ್ಷರಚಿಹ್ನೆಗಳನ್ನು ಚರ್ಮದ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿ ಜಾಕೆಟ್ಟು, ಕಾರಿನ ಸೀಟು, ಶೂ ಎಲ್ಲವನ್ನೂ ಗಿರಾಕಿಯ ಅಳತೆಗೆ, ಗಿರಾಕಿಯ ಖಯಾಲಿಗೆ ತಕ್ಕಂತೆ ಮಾಡಿಕೊಡುತ್ತಿದ್ದ. ಹಿಪ್‌ಹಾಪ್ ಗಾಯಕರು, ಬಾಕ್ಸಿಂಗ್ ಪಟುಗಳು ಅವನ ಗಿರಾಕಿಗಳು. ಕಾನೂನಿನ ಕಣ್ಣಿಗೆ ಇದು ಕದ್ದ ಚಿಹ್ನೆ. ಆದರೆ ಆ ಕಂಪನಿಗಳು ಯಾವತ್ತೂ ಹೊಲಿಯದಿದ್ದ ಉಡುಪುಗಳನ್ನು, ಅವು ತಿರುಗಿಯೂ ನೋಡದಿದ್ದ ಜನಕ್ಕಾಗಿ ಆತ ಹೊಲಿಯುತ್ತಿದ್ದ ಎಂಬುದೂ ನಿಜ. ಫೆಂಡಿ ಕಾನೂನು ಕ್ರಮಕ್ಕೆ ಇಳಿಯಿತು, 1992ರಲ್ಲಿ ಅಂಗಡಿ ಮುಚ್ಚಿತು. ಕಾಲು ಶತಮಾನ ಕಳೆದು 2017ರಲ್ಲಿ ಗುಚ್ಚಿ ಪ್ರದರ್ಶಿಸಿದ ಜಾಕೆಟ್ಟೊಂದು ಡ್ಯಾನ್‌ನ ಹಳೆಯ ಜಾಕೆಟ್ಟಿನಂತೆಯೇ ಇತ್ತು. ಜನ ಛೀಮಾರಿ ಹಾಕಿದರು. ಕೊನೆಗೆ ಗುಚ್ಚಿ ಅವನೊಡನೆ ಕೈಜೋಡಿಸಿತು. 2018ರಲ್ಲಿ ಹಾರ್ಲೆಮ್‌ನಲ್ಲಿ ಅವನ ಹೊಲಿಗೆಮನೆ ಮತ್ತೆ ತೆರೆಯಿತು, ಈ ಸಲ ಗುಚ್ಚಿಯೇ ಕೊಟ್ಟ ಬಟ್ಟೆಯೊಂದಿಗೆ.

ಗಿರಾಕಿಯ ಈ ಆಸೆಯನ್ನು ಕಾರ್ಖಾನೆಯೇ ಪೂರೈಸಿದರೆ ಹೇಗೆ ಎಂಬ ಆಲೋಚನೆ 1990ರ ದಶಕದ್ದು. ಲೀವೈಸ್ 1994ರಲ್ಲಿ ಅಂಗಡಿಯಲ್ಲಿ ಮಹಿಳೆಯರ ಅಳತೆ ತೆಗೆದು, ಕಂಪ್ಯೂಟರ್ ಮೂಲಕ ಕಾರ್ಖಾನೆಗೆ ಕಳಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಜೀನ್ಸ್ ಹೊಲಿಸಿಕೊಡುವ ಪ್ರಯೋಗಕ್ಕಿಳಿಯಿತು. ಕೆಲವು ವರ್ಷ ನಡೆದು ನಿಂತುಹೋಯಿತು. ನೈಕಿ 1999ರಲ್ಲಿ ಹಿಡಿದದ್ದು ಸುಲಭದ ಹಾದಿ. ಅಳತೆ ಮಾಮೂಲಿ, ಬಣ್ಣ ಮಾತ್ರ ನಿಮ್ಮ ಆಯ್ಕೆ, ಜೊತೆಗೆ ನಿಮಗಿಷ್ಟವಾದ ಒಂದು ಪದ.

ಆ ಒಂದು ಪದವೇ ಮುಂದೆ ತಲೆನೋವಾಯಿತು. 2001ರಲ್ಲಿ ಎಂಐಟಿಯಲ್ಲಿ ಓದುತ್ತಿದ್ದ ಜೋನಾ ಪೆರೆಟ್ಟಿ ತನ್ನ ಶೂ ಮೇಲೆ ‘ಸ್ವೆಟ್‌ಶಾಪ್’ ಎಂದು ಹೊಲಿದುಕೊಡಿ ಎಂದ. ಕಡಿಮೆ ಕೂಲಿಗೆ ಬೆವರಿಳಿಸಿ ದುಡಿಸುವ ಕಾರ್ಖಾನೆಗೆ ಇಂಗ್ಲಿಷಿನಲ್ಲಿ ಇರುವ ಮಾತು ಅದು. ಏಷ್ಯಾದ ಕಾರ್ಖಾನೆಗಳ ದುಡಿಮೆಯ ಬಗ್ಗೆ ನೈಕಿ ಆಗ ಕಟುಟೀಕೆ ಎದುರಿಸುತ್ತಿತ್ತು. ಕಂಪನಿ ಒಪ್ಪಲಿಲ್ಲ, ಅದು ಅನುಚಿತ ಆಡುಮಾತು ಎಂದಿತು. ಪೆರೆಟ್ಟಿ ನಿಘಂಟು ತೆರೆದು, ಇದು ಶಿಷ್ಟ ಪದವೇ ಎಂದು ವಾದಿಸಿದ. ಕಂಪನಿ ಜಗ್ಗಲಿಲ್ಲ. ಸರಿ, ಹಾಗಾದರೆ ನನ್ನ ಶೂ ಹೊಲಿಯುವ ವಿಯೆಟ್ನಾಮಿನ ಹುಡುಗಿಯ ಫೋಟೊ ಕಳಿಸಿ ಎಂದ. ಅದಕ್ಕೆ ಉತ್ತರ ಬರಲಿಲ್ಲ. ಗೆಳೆಯರಿಗೆ ಕಳಿಸಿದ ಆ ಪತ್ರವ್ಯವಹಾರ ಈಮೇಲ್‌ನಿಂದ ಈಮೇಲ್‌ಗೆ ಹಾರಿ ಜಗತ್ತು ಸುತ್ತಿತು. ನಿಮ್ಮದೇ ಶೂ ಎಂದು ಮಾರಿದರೂ ಏನು ಬರೆಯಬೇಕೆಂಬ ಕೊನೆಯ ಮಾತು ಕಂಪನಿಯದೇ ಎನ್ನುವುದು ಇಷ್ಟು ಚೆನ್ನಾಗಿ ಇನ್ನೆಲ್ಲೂ ಬಯಲಾಗಿಲ್ಲ.

ಆಮೇಲಿನದು ಪೈಪೋಟಿಯ ಕಾಲ. 2005ರಲ್ಲಿ ಕೊಲರಾಡೊದ ಗೃಹಿಣಿಯೊಬ್ಬರು ಮಕ್ಕಳ ಕ್ರಾಕ್ಸ್ ಚಪ್ಪಲಿಯ ತೂತುಗಳಿಗೆ ಗುಂಡಿ, ಹೂವು ಸಿಕ್ಕಿಸಿದ್ದು ‘ಜಿಬಿಟ್ಜ್’ ಎಂಬ ವ್ಯಾಪಾರವಾಯಿತು. ಮರುವರ್ಷವೇ ಕ್ರಾಕ್ಸ್ ಅದನ್ನು 1 ಕೋಟಿ ಡಾಲರ್‌ಗೆ ಕೊಂಡಿತು. 2017ರಲ್ಲಿ ವಿನ್ಯಾಸಕಾರ ವರ್ಜಿಲ್ ಅಬ್ಲೊ ನೈಕಿಯ ಹತ್ತು ಮಾದರಿಗಳನ್ನು ಕತ್ತರಿಸಿ, ಒಳಗಿನ ಫೋಮು ಕಾಣುವಂತೆ ಬಿಟ್ಟು, ಲೇಸಿನ ಮೇಲೆ ‘ಶೂಲೇಸಸ್’ ಎಂದೇ ಬರೆದ. ಕೆಲವರಿಗೆ ಅದು ಕಲೆ, ಕೆಲವರಿಗೆ ಮೋಜು. ನನಗಂತೂ ಅಬ್ಲೊ ಜಾಣ ವ್ಯಾಖ್ಯಾನಕಾರನಂತೆ ಕಾಣುತ್ತಾನೆ, ಹೊಸ ಶೂ ಕಂಡುಹಿಡಿದವನಂತೆ ಅಲ್ಲ. ಆತ ಲೂಯಿ ವಿಟಾನ್‌ಗೆಂದು ವಿನ್ಯಾಸ ಮಾಡಿದ್ದ 200 ಜೋಡಿ ನೈಕಿ ಶೂಗಳು 2022ರಲ್ಲಿ ಸದಬೀಸ್ ಹರಾಜಿನಲ್ಲಿ 2.5 ಕೋಟಿ ಡಾಲರ್‌ಗೂ ಮಿಕ್ಕಿ ತಂದವು. ಅನುಮತಿ ಇಲ್ಲದೆ ಕೈಹಾಕಿದವರ ಪಾಡು ಬೇರೆ. ಎಂಎಸ್‌ಸಿಎಚ್‌ಎಫ್ ಎಂಬ ಕಲಾತಂಡ 2021ರಲ್ಲಿ ನೈಕಿ ಶೂಗಳನ್ನು ಕೊಂಡು, ಅಟ್ಟೆಯೊಳಗೆ ಒಂದು ಹನಿ ರಕ್ತ ಬೆರೆಸಿ 666 ಜೋಡಿ ‘ಸೈತಾನ ಶೂ’ ಮಾರಿದಾಗ ನೈಕಿ ಕೋರ್ಟಿಗೆ ಹೋಯಿತು, ರಾಜಿಯಾಯಿತು.

ನಮ್ಮಲ್ಲಿ ಸ್ವಂತದ ಗುರುತು ಹಚ್ಚುವ ಚಾಳಿ ಕಂಪನಿಗಳನ್ನು ಕಾಯಲಿಲ್ಲ. ಬೆಂಗಳೂರಿನ ಆಟೊಗಳ ಬೆನ್ನ ಮೇಲಿನ ಶಂಕರ್‌ನಾಗ್ ಚಿತ್ರವನ್ನು ಯಾವ ವಾಹನ ಕಂಪನಿಯೂ ಬಿಡಿಸಿಕೊಡಲಿಲ್ಲ. ಇಂದು ಸಿದ್ಧ ಉಡುಪಿನ ದೊಡ್ಡ ಆನ್‌ಲೈನ್ ಅಂಗಡಿಯಾಗಿರುವ ಮಿಂತ್ರಾ, 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಮಾರುತ್ತಿದ್ದದ್ದು ಹೆಸರು, ಫೋಟೊ ಅಚ್ಚು ಹಾಕಿದ ಕಪ್ಪು, ಟೀ ಶರ್ಟು, ಟೋಪಿ. ಆ ವ್ಯಾಪಾರ ಬಿಟ್ಟು ಫ್ಯಾಷನ್ನಿಗೆ ಹೊರಳಿತು. ಬಿಟ್ಟದ್ದನ್ನು ಊರಿನ ಫೋಟೊ ಸ್ಟುಡಿಯೋಗಳು ಎತ್ತಿಕೊಂಡಿವೆ: ಪಾಲಿಮರ್ ಲೇಪದ ಬಿಳಿ ಕಪ್ಪಿಗೆ ಚಿತ್ರವನ್ನು ತಿರುಗುಮುರುಗಾಗಿ ಮುದ್ರಿಸಿದ ಕಾಗದ ಸುತ್ತಿ, ಬಿಸಿ ಪ್ರೆಸ್ಸಿನಲ್ಲಿ ಕೆಲವು ನಿಮಿಷ ಒತ್ತಿದರೆ ಶಾಯಿ ಆವಿಯಾಗಿ ಲೇಪದೊಳಕ್ಕೆ ಇಳಿಯುತ್ತದೆ. ಹುಟ್ಟುಹಬ್ಬದ ಕಪ್ಪು ತಯಾರು. ಚಂದ ಎನ್ನಲಾರೆ, ಆದರೆ ಪ್ರೀತಿಯಿಂದ ಮಾಡಿಸುತ್ತಾರೆ.

ಕಾಲಿಗೆ ತಕ್ಕ ಮೆಟ್ಟು ಎಂಬುದಕ್ಕೂ ಅಮೆರಿಕದವರೆಗೆ ಹೋಗಬೇಕಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಸಮಗಾರ ಕುಟುಂಬಗಳಲ್ಲಿ ಬಬೂಲಿ ಚಕ್ಕೆ, ಅಳಲೆಕಾಯಿಯಲ್ಲಿ ಹದಮಾಡಿದ ತೊಗಲಿನ ಚಪ್ಪಲಿಯನ್ನು ತೊಗಲಿನ ದಾರದಿಂದಲೇ ಹೊಲಿಯುತ್ತಾರೆ, ಮೊಳೆ ಬಳಸುವುದಿಲ್ಲ. ಮೇಲಿನ ಪಟ್ಟಿಯ ಹೆಣಿಗೆ, ನಾಜೂಕು ಹೊಲಿಗೆ ಹೆಚ್ಚಾಗಿ ಹೆಂಗಸರ ಕೈಕೆಲಸ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸೇರಿ. 2025ರ ಜೂನ್‌ನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಪ್ರಾಡಾ ಅದೇ ಮಾದರಿಯ ಚಪ್ಪಲಿಯನ್ನು ಮೂಲದ ಸುಳಿವೇ ಕೊಡದೆ ತೋರಿಸಿತು. ಹಾರ್ಲೆಮ್‌ನಲ್ಲಿ ಆದದ್ದೇ ಇಲ್ಲೂ ಆಯಿತು: ಗದ್ದಲ, ಬಳಿಕ ಪ್ರೇರಣೆ ಭಾರತದ್ದೆಂಬ ಒಪ್ಪಿಗೆ, ವರ್ಷದ ಕೊನೆಗೆ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ. ಆದರೆ ಡ್ಯಾನ್‌ಗೆ ಸಿಕ್ಕಂತೆ ಇಲ್ಲಿ ಒಬ್ಬರಿಗೂ ಹೆಸರು ಸಿಕ್ಕಿಲ್ಲ. ಸಿಕ್ಕಿದ್ದು ಊರಿಗೆ, ನಿಗಮಕ್ಕೆ.

ಮಾರಿದವನ ಹೆಸರು, ಆಡಿದವನ ಹೆಸರು, ಕೊಂಡವನ ಹೆಸರು ಎಲ್ಲವನ್ನೂ ಪಾದರಕ್ಷೆಯ ಮೇಲೆ ಅಚ್ಚು ಹಾಕಿ ಆಗಿದೆ. ಲಿಡ್ಕರ್ ಮಳಿಗೆಗಳಲ್ಲಿ ಮಾರುವ ಪ್ರತಿ ಜೋಡಿಯ ಅಟ್ಟೆಯ ಒಳಮೈಗೆ ಅದನ್ನು ಹೆಣೆದ, ಹೊಲಿದವರ ಹೆಸರನ್ನೂ ಊರನ್ನೂ ಒತ್ತಲಿ. ದೊಡ್ಡ ಖರ್ಚಿನ ಕೆಲಸವೇನಲ್ಲ, ಒಂದು ಮುದ್ರೆ ಸಾಕು.