ಮೂರು ಸಾವಿರ ರಟ್ಟಿನ ಚೀಟಿಗಳು

1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದ ವಿಲಿಯಂ ಸೀಲಿ ಗೊಸೆಟ್ ಅವರ ಮುಂದಿದ್ದ ತೊಡಕು ಅಪ್ಪಟ ವ್ಯವಹಾರದ್ದು: ಬಾರ್ಲಿಯ ಗುಣವನ್ನು ಬೆರಳೆಣಿಕೆಯ ಪ್ರಯೋಗಗಳಿಂದಲೇ ನಿರ್ಧರಿಸಬೇಕಿತ್ತು. ಸರಾಸರಿಯ ಇಕ್ಕೆಲಗಳಲ್ಲಿ ಗಂಟೆಯಾಕಾರವಾಗಿ ಹರಡುವ ಸಾಮಾನ್ಯ ವಿತರಣೆಯನ್ನು ನೆಚ್ಚಿದ್ದ ಅಂದಿನ ಸೂತ್ರಗಳು ದೊಡ್ಡ ಮಾದರಿಗಳಿಗೆ, ಅಂದರೆ ಸಮಷ್ಟಿಯಿಂದ ಆಯ್ದ ದೊಡ್ಡ ಗುಂಪುಗಳಿಗೆ, ಮಾತ್ರ ಸರಿಹೊಂದುತ್ತಿದ್ದವು. 1906-07ರಲ್ಲಿ ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಬಳಿ ಅಧ್ಯಯನ ನಡೆಸಿದ ಗೊಸೆಟ್, 3000 ಅಪರಾಧಿಗಳ ಎತ್ತರವನ್ನೂ ಎಡಗೈಯ ನಡುಬೆರಳಿನ ಉದ್ದವನ್ನೂ ರಟ್ಟಿನ ಚೀಟಿಗಳಲ್ಲಿ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಮಾದರಿಗಳನ್ನಾಗಿ ವಿಂಗಡಿಸಿ ಚಿಕ್ಕ ಮಾದರಿಗಳ ಕುರಿತ ತಮ್ಮ ಸಿದ್ಧಾಂತವನ್ನು ಒರೆಗೆ ಹಚ್ಚಿದರು. ಕಂಪ್ಯೂಟರ್ ಇಲ್ಲದ ಕಾಲದ ಈ ತಾಳ್ಮೆ ಗಣಿತದ ಜಾಣ್ಮೆಯಷ್ಟೇ ಗೌರವಾರ್ಹವಾದುದು. 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಪ್ರಕಟವಾದ ಅವರ ಪ್ರಬಂಧ, ಮಾದರಿ ಚಿಕ್ಕದಾದಷ್ಟೂ ಅನಿಶ್ಚಿತತೆ ಸಾಮಾನ್ಯ ವಿತರಣೆ ಸೂಚಿಸುವುದಕ್ಕಿಂತ ಹೆಚ್ಚೆಂಬುದನ್ನು ತೋರಿಸಿತು. 1930ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ ರೂಪಿಸಿದ ವಿಶ್ವಾಸಾಂತರ, ಅಂದರೆ ಮತ್ತೆ ಮತ್ತೆ ಮಾದರಿ ತೆಗೆದಾಗ ನೂರಕ್ಕೆ ಸುಮಾರು 95 ಬಾರಿ ನಿಜವಾದ ಸರಾಸರಿಯನ್ನು ಒಳಗೊಳ್ಳುವಂಥ ವ್ಯಾಪ್ತಿ, ಚಿಕ್ಕ ಮಾದರಿಗಳ ವಿಷಯದಲ್ಲಿ ಈ ಶೋಧವನ್ನೇ ಆಧರಿಸಿದೆ. ಇಂಥ ವ್ಯಾಪ್ತಿಯನ್ನು ಪಡೆಯಲು, ನಾಲ್ಕೇ ಅಳತೆಗಳಿರುವಾಗ ಸರಾಸರಿಯ ಅಂದಾಜು ದೋಷವನ್ನು ಸಾಮಾನ್ಯ ವಿತರಣೆಯ 1.96ರ ಬದಲು 3.18ರಿಂದ ಗುಣಿಸಬೇಕಾಗುತ್ತದೆ.