ಆಕಾಶದ ತಕ್ಕಡಿಗೆ ನೆಲದ ಪಾಸಂಗ

ಅಡಿಕೆ ಮಂಡಿಯಲ್ಲಿ ನಿಂತು ತೂಕ ಮಾಡಿಸಿದವರಿಗೆ ಪಾಸಂಗ ಎಂದರೇನೆಂದು ಹೇಳಬೇಕಾಗಿಲ್ಲ. ಎರಡೂ ತಟ್ಟೆ ಬರಿದಾಗಿದ್ದಾಗಲೇ ತಕ್ಕಡಿ ಒಂದು ಕಡೆ ವಾಲಿದರೆ, ಹಗುರವಾದ ತಟ್ಟೆಗೆ ಒಂದು ಕಲ್ಲಚೂರನ್ನೋ ಕಬ್ಬಿಣದ ತುಂಡನ್ನೋ ಕಟ್ಟಿ ಸಮ ಮಾಡುತ್ತಾರೆ. ತಕ್ಕಡಿಯ ದೋಷ ಹೋಗುವುದಿಲ್ಲ. ಎಷ್ಟು ದೋಷವೆಂದು ತಿಳಿದ ಮೇಲೆ ಅದು ತೂಕ ಕೆಡಿಸುವುದಿಲ್ಲ, ಅಷ್ಟೆ. ಡ್ರೋನ್ ಹಾರಿಸಿ ಊರನ್ನು ಅಳೆಯುವ ಈ ಕಾಲದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಪಾಸಂಗವೇ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು - ಈ ನಾಲ್ಕೂ ಕೂತಲ್ಲೇ ಕೂತು ವಿಳಾಸ ಬದಲಿಸಿದ ಊರುಗಳು. 1997ರ ಆಗಸ್ಟಿನಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಕಾಗದದ ಮೇಲಿನ ಗೆರೆ ಸರಿದಾಡುವುದು ನಮಗೆ ಹೊಸದಲ್ಲ. ಆದರೆ ಹೊಲದ ಬದು ಒಂದು ಮೊಳ ಸರಿದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ.

ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಕಂದಾಯದ ಶಿಸ್ತು ಗೊತ್ತು ಮಾಡಿದಾಗ ನೆಲದ ಅಳತೆ ಹೆಚ್ಚಾಗಿ ಬೀಜದ ಅಳತೆಯೇ ಆಗಿತ್ತು: ಇಷ್ಟು ಖಂಡುಗ ಬೀಜ ಹಿಡಿಯುವ ಗದ್ದೆ, ಇಷ್ಟು ಕೊಳಗ ಹಿಡಿಯುವ ಹೊಲ. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಜಮೀನನ್ನು ಸರ್ಕಾರದ ಖರ್ಚಿನಲ್ಲೇ ಹನ್ನೆರಡು ವರ್ಷ ಸಾಗು ಮಾಡಿಸಿ, ಬಿತ್ತಿದ್ದು, ಬೆಳೆದದ್ದು, ಬೆಲೆ, ಎಲ್ಲವನ್ನೂ ಬರೆಸಿ ಸರಾಸರಿ ತೆಗೆದರೆಂದು ಹೇಳುತ್ತಾರೆ. ಒಂದು ವರ್ಷದ ಲೆಕ್ಕವನ್ನು ನಂಬಬಾರದೆಂಬ ಎಚ್ಚರ ಆಗಲೇ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟ. ಅದೇ ಕಾಲಕ್ಕೆ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆ ಅಳೆದ. ಅವನ ಉಕ್ಕಿನ ಸರಪಳಿ ನೂರು ಅಡಿಯದು. ಮೆಕಾರ್ಟ್ನಿ ರಾಯಭಾರಿಯಾಗಿ ಚೀನಾದ ಚಕ್ರವರ್ತಿಗೆ ಕಾಣಿಕೆ ಕೊಡಲು ಒಯ್ದಿದ್ದು, ಅಲ್ಲಿ ಬೇಡವಾಗಿ, ಕಲ್ಕತ್ತೆಯ ಮೂಲಕ ಅವನ ಕೈಸೇರಿತ್ತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಏಳೂವರೆ ಮೈಲಿ ಅಳೆಯುವಾಗ ಸರಪಳಿಗೆ ಬಿಸಿಲು ಸೋಕದಂತೆ ಮರದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಗುಡಾರ ಕಟ್ಟಿಸಿ, ಉಷ್ಣಮಾಪಕ ನೋಡಿ ಲೆಕ್ಕ ತಿದ್ದುತ್ತಿದ್ದ. ಇನ್ನೊಂದು ಸರಪಳಿಯನ್ನು ಬಳಸದೆ ಕಾಪಿಟ್ಟು, ಅಳೆಯುವ ಸರಪಳಿ ಎಷ್ಟು ಹಿಗ್ಗಿದೆಯೆಂದು ಅದರ ಪಕ್ಕದಲ್ಲಿ ಹಿಡಿದು ನೋಡುತ್ತಿದ್ದ. ಪಾಸಂಗ ಎಂಬ ಮಾತು ಅವನಿಗೆ ಗೊತ್ತಿರಲಾರದು, ಮಾಡಿದ್ದು ಅದನ್ನೇ.

ನಮ್ಮ ರೈತರ ಮನೆಯ ಕಾಗದಪತ್ರಕ್ಕೆ ಬಂದದ್ದು ಮಾತ್ರ ಬೇರೆ ಸರಪಳಿ. 1863ರಲ್ಲಿ ಮುಂಬಯಿ ಪದ್ಧತಿಯಂತೆ ಮೈಸೂರು ರಾಜ್ಯದಲ್ಲಿ ಕಂದಾಯ ಸರ್ವೆ ಶುರುವಾಯಿತು. ಅದರ ಚೈನು ಮೂವತ್ಮೂರು ಅಡಿ. ರೂಪಾಯಿಗೆ ಇದ್ದಂತೆ ಅದಕ್ಕೂ ಹದಿನಾರು ಆಣೆ. ಒಂದು ಚೈನು ಉದ್ದ ಒಂದು ಚೈನು ಅಗಲವಾದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಸರ್ವೆ ಟಿಪ್ಪಣಿ ತೆಗೆಸಿ ನೋಡಿದವರು ಈ ಚೈನು-ಆಣೆಯ ಅಂಕಿಗಳನ್ನು ಕಂಡಿರುತ್ತಾರೆ. ಒಂದು ಆಣೆ ಎರಡು ಅಡಿಗಿಂತ ಕೂದಲೆಳೆ ಹೆಚ್ಚು. ಹೊಲಗದ್ದೆಗೆ ಅಷ್ಟು ಸೂಕ್ಷ್ಮ ಸಾಕೆಂದು ಅವರು ತಿಳಿದರು. ಊರೊಳಗಿನ ಮನೆ, ಹಿತ್ತಿಲು, ಓಣಿಗಳನ್ನು ಮಾತ್ರ ಅಳೆಯಲಿಲ್ಲ. ಕಂದಾಯ ಬಾರದ ಜಾಗವನ್ನು ಗ್ರಾಮಠಾಣಾ ಎಂದು ಒಂದೇ ಗೆರೆಯೊಳಗೆ ಸುತ್ತಿಟ್ಟುಬಿಟ್ಟರು.

ಆ ಗೆರೆಯೊಳಗೆ ಅಳತೆ ಬಂದದ್ದು ಒಂದೂವರೆ ಶತಮಾನದ ಮೇಲೆ, ಆಕಾಶದಿಂದ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ತಂದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮನೆಗಳ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ಡ್ರೋನ್ ತನ್ನಷ್ಟಕ್ಕೆ ತಾನೇ ಗೊತ್ತುಪಡಿಸಿದ ಸಾಲಿನಲ್ಲಿ ಹಾರಿ ಫೋಟೋ ತೆಗೆಯುವುದು, ಆ ಫೋಟೋಗಳನ್ನು ಹೊಲಿದು ನಕ್ಷೆ ಮಾಡುವುದು, ಮನೆಯವರಿಗೆ ಹಕ್ಕಿನ ಕಾರ್ಡು ಕೊಡುವುದು.

ಇಲ್ಲಿ ಜಿಪಿಎಸ್ಸಿನ ಮಾತು ಬರುತ್ತದೆ. ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದ ಉಪಗ್ರಹಗಳು ಕಳಿಸುವುದು ದೂರವನ್ನಲ್ಲ, ವೇಳೆಯನ್ನು. ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಒಂದು ಭಾಗ ತಪ್ಪಿದರೆ ನೆಲದಲ್ಲಿ ಒಂದಡಿ ತಪ್ಪುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕದವರು ಬೇಕೆಂದೇ ತಪ್ಪು ಬೆರೆಸುತ್ತಿದ್ದುದರಿಂದ ಸಾಮಾನ್ಯರ ಉಪಕರಣ ನೂರು ಮೀಟರಿನವರೆಗೂ ತಪ್ಪು ಹೇಳುತ್ತಿತ್ತು. ಅದು ನಿಂತ ಮೇಲೂ ಬಯಲಿನಲ್ಲಿ ಹಿಡಿದ ಮೊಬೈಲು ಸುಮಾರು ಐದು ಮೀಟರು ಆಚೀಚೆ ಹೇಳುತ್ತದೆ. ಐದು ಮೀಟರೆಂದರೆ ಹಳೆಯ ಲೆಕ್ಕದಲ್ಲಿ ಎಂಟಾಣೆ, ಅರ್ಧ ಚೈನು! ಬದುವಿನ ಮೇಲೆ ನಿಂತು ದಿಶಾಂಕ್ ಆ್ಯಪ್ ತೆರೆದು, ಸರ್ವೆ ನಂಬರು ಪಕ್ಕದವನದಕ್ಕೆ ಹಾರಿತೆಂದು ಜಗಳಕ್ಕೆ ಹೋಗುವವರಿಗೆ ಇದನ್ನು ಯಾರಾದರೂ ಹೇಳಬೇಕು.

ನಮ್ಮ ದಕ್ಷಿಣಕ್ಕೆ ಇನ್ನೊಂದು ತೊಡಕಿದೆ. ಭೂಮಿಯ ಕಾಂತೀಯ ಸಮಭಾಜಕ ತಿರುನೆಲ್ವೇಲಿಯ ಆಸುಪಾಸಿನಲ್ಲಿ ಹಾಯುತ್ತದೆ. ಹಾಗಾಗಿ ನಮ್ಮ ಮೇಲಿನ ಅಯಾನುಗೋಳ ಯುರೋಪಿನವರದಕ್ಕಿಂತ ಹೆಚ್ಚು ಚಂಚಲ. ನಡುಹಗಲಿನ ನಂತರ ಅದರಿಂದಾಗುವ ವಿಳಂಬ ಹೆಚ್ಚು, ಸೂರ್ಯ ಮುಳುಗಿದ ಮೇಲೆ ಕೆಲವು ತಿಂಗಳು ಸಂಕೇತವೇ ಮಿನುಗುತ್ತದೆ. 2024ರ ಮೇ 10ರ ಸೌರ ಬಿರುಗಾಳಿಯಲ್ಲಿ ಅಮೆರಿಕದ ರೈತರ ಜಿಪಿಎಸ್ ಟ್ರಾಕ್ಟರುಗಳು ಬಿತ್ತನೆಯ ನಡುವೆ ಸಾಲು ತಪ್ಪಿದವು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ ಸಮಭಾಜಕದ ಈ ಚಂಚಲತೆಗೆ ತಿದ್ದುಪಡಿ ಕಳಿಸುವ ಸಲುವಾಗಿಯೇ ಅಷ್ಟು ಹೆಣಗಬೇಕಾಯಿತು.

ಡ್ರೋನಿನ ತಪ್ಪು ಮೊಬೈಲಿನ ತಪ್ಪಿನಂತೆ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಅದರ ಅಪಾಯ. ಫೋಟೋಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ನಕ್ಷೆ ಸೊಗಸಾಗಿ ಬರುತ್ತದೆ. ಆದರೆ ಇಡೀ ಊರು ಎರಡು ಮೀಟರು ಪೂರ್ವಕ್ಕೆ ಸರಿದು ಕೂತಿರುತ್ತದೆ. ಎತ್ತರದ ತಪ್ಪು ಇದಕ್ಕಿಂತಲೂ ಹೆಚ್ಚು. ಜಾಗಕ್ಕೆ ತಕ್ಕಂತೆ ತೊಡಕೂ ಬೇರೆ. ಚನ್ನಗಿರಿಯ ಅಡಿಕೆ ತೋಟದ ನಡುವೆ ಇಳಿಯುವಾಗ ಮರಗಳು ಆಕಾಶವನ್ನು ಮುಚ್ಚಿ ಉಪಗ್ರಹಗಳು ಕಡಿಮೆಯಾಗುತ್ತವೆ. ಹಾರಿಸುವವನು ಯಂತ್ರವನ್ನು ನಂಬದೆ ಕೈಯಿಂದಲೇ ಇಳಿಸುತ್ತಾನೆ. ಸೂಳೆಕೆರೆಯ ನೀರಿನ ಮೇಲೆ, ಹೊನ್ನಾಳಿಯಲ್ಲಿ ತುಂಗಭದ್ರೆಯ ಮೇಲೆ, ಒಂದು ಫೋಟೋಕ್ಕೂ ಇನ್ನೊಂದಕ್ಕೂ ಹೊಂದಿಸಲು ಗುರುತೇ ಸಿಗುವುದಿಲ್ಲ. ನ್ಯಾಮತಿಯ ಗುಡ್ಡದ ಕಡೆ ಒಂದೇ ಎತ್ತರದಲ್ಲಿ ಹಾರಿದರೆ ನೆಲವೇ ಮೇಲೆದ್ದು ಹತ್ತಿರ ಬರುತ್ತದೆ. ಜಗಳೂರಿನ ಬಯಲಿನಲ್ಲಿ ಆಕಾಶ ಪೂರಾ ತೆರೆದಿದೆ, ಜಿಪಿಎಸ್ಸಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಉತ್ತ ಹೊಲದ ನಡುವೆ ಗುರುತಿಗೆಂದು ಒಂದು ಮೂಲೆ ಸಿಗದೆ, ನೆಲದ ಮೇಲೆ ತಾವೇ ಬಿಳಿಯ ಗುರುತು ಬರೆಯಬೇಕಾಗುತ್ತದೆ.

ಇದಕ್ಕೆಲ್ಲ ಕಂಡುಕೊಂಡ ಉಪಾಯ ಸರಳ. ಎಲ್ಲಿದೆಯೆಂದು ಮೊದಲೇ ಕರಾರುವಾಕ್ಕಾಗಿ ಗೊತ್ತಿರುವ ಜಾಗದಲ್ಲಿ ಒಂದು ಉಪಕರಣ ಅಲುಗದೆ ಕೂತಿರುತ್ತದೆ. ಉಪಗ್ರಹ ಅದಕ್ಕೂ ತಪ್ಪನ್ನೇ ಹೇಳುತ್ತದೆ. ತನ್ನ ನಿಜವಾದ ಜಾಗ ಗೊತ್ತಿರುವುದರಿಂದ ಈ ಕ್ಷಣದ ತಪ್ಪು ಎಷ್ಟು, ಯಾವ ಕಡೆಗೆ ಎಂದು ಅದು ಕಂಡುಕೊಳ್ಳುತ್ತದೆ. ಹತ್ತಿರದಲ್ಲಿ ಹಾರುವ ಡ್ರೋನಿಗೂ ಹೆಚ್ಚುಕಡಿಮೆ ಅದೇ ತಪ್ಪು. ಅಷ್ಟನ್ನು ಕಳೆದರೆ ಉಳಿಯುವುದು ಎರಡು ಮೂರು ಇಂಚು. ಇದು ಪಾಸಂಗವಲ್ಲದೆ ಮತ್ತೇನು? ಸರ್ವೆ ಆಫ್ ಇಂಡಿಯಾ ಸದಾ ನಡೆಯುವ ಇಂಥ ಕೇಂದ್ರಗಳ ಜಾಲವನ್ನೇ ಕಟ್ಟಿದೆ. ಬಲ್ಲವರು ಇಷ್ಟಕ್ಕೇ ಬಿಡುವುದಿಲ್ಲ. ನೆಲದ ಮೇಲೆ ಬರೆದ ಗುರುತುಗಳಲ್ಲಿ ಕೆಲವನ್ನು ಲೆಕ್ಕಕ್ಕೆ ಸೇರಿಸದೆ ಇಟ್ಟುಕೊಂಡು, ನಕ್ಷೆ ಮುಗಿದ ಮೇಲೆ ಅವುಗಳ ಜೊತೆ ಹೋಲಿಸುತ್ತಾರೆ. ಲ್ಯಾಂಬ್ಟನ್ನನ ಕಾಪಿಟ್ಟ ಸರಪಳಿಯ ಬುದ್ಧಿಯೇ ಇದು.

ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡುವಾಗ ಇನ್ನೊಂದು ಎಡವಟ್ಟಾಗುತ್ತದೆ. ನಮ್ಮ ಹಳೆಯ ನಕ್ಷೆಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರದ ಮೇಲೆ ನಿಂತವು. ಜಿಪಿಎಸ್ ನಿಂತದ್ದು ಬೇರೆ ಆಕಾರದ ಮೇಲೆ. ಅಕ್ಷಾಂಶ ರೇಖಾಂಶಗಳನ್ನು ತಿದ್ದದೆ ಒಂದರಿಂದ ಇನ್ನೊಂದಕ್ಕೆ ಇಳಿಸಿದರೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. ಇದು ಉಪಗ್ರಹದ ತಪ್ಪೂ ಅಲ್ಲ, ಎವರೆಸ್ಟನ ತಪ್ಪೂ ಅಲ್ಲ. ಒಬ್ಬ ಸೇರಿನಲ್ಲಿ ಅಳೆದದ್ದನ್ನು ಇನ್ನೊಬ್ಬ ಕಿಲೋ ಎಂದು ಓದಿದ ಹಾಗೆ.

ನ್ಯಾಮತಿ ಕಡೆಯ ಒಂದು ಹಳ್ಳಿಯಲ್ಲಿ ಸುಣ್ಣದ ಗೆರೆ ಎಳೆಯುವುದನ್ನು ನಾನು ನಿಂತು ನೋಡಿದೆ. ಎರಡು ಹೆಂಚಿನ ಮನೆಗಳ ನಡುವೆ ಕಿರಿದಾದ ಓಣಿ. ಎರಡೂ ಕಡೆಯ ಸೂರು ಮುಂದೆ ಚಾಚಿ ಒಂದಕ್ಕೊಂದು ತಾಗುವಂತಿದ್ದವು. ಮೇಲಿನಿಂದ ನೋಡಿದರೆ ಅಲ್ಲಿ ಓಣಿಯೇ ಇಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಕೇಳಿತು: "ಗೆರೀ ಎಲ್ಲಿಗೆ ಎಳೀತೀಯಪ್ಪಾ, ಗ್ವಾಡಿಗೋ ಸೂರಿಗೋ?" ಹುಡುಗ "ಗೋಡೆಗೆ ಅಜ್ಜಿ" ಅಂದ. "ಹಂಗಾರೆ ಸೂರಿನ ನೀರು ಯಾರ ಪಾಲಿಗೆ ಬೀಳ್ತತಿ?"

ಹುಡುಗ ಮೇಲೆ ನೋಡಿದ, ಡ್ರೋನ್ ಪೆಟ್ಟಿಗೆಯ ಕಡೆ ನೋಡಿದ. ಎರಡಿಂಚಿನ ನಿಖರತೆಗೆ ಆ ಪ್ರಶ್ನೆಯಲ್ಲಿ ಕೆಲಸವಿರಲಿಲ್ಲ. ಕೊನೆಗೆ ಚೀಲದಿಂದ ಟೇಪು ತೆಗೆದರು. ಗೋಡೆಯಿಂದ ಗೋಡೆಗೆ ಮೂರಡಿ ನಾಲ್ಕಿಂಚು. ಎರಡೂ ಮನೆಯವರನ್ನು ಎದುರು ನಿಲ್ಲಿಸಿಕೊಂಡು, ಓಣಿ ಇಬ್ಬರಿಗೂ ಸೇರಿದ್ದೆಂದು ಬರೆದುಕೊಂಡರು. ನೀರಿನ ವಿಚಾರ ಬರೆಯಲು ಅವರ ಕಾಗದದಲ್ಲಿ ಜಾಗವಿರಲಿಲ್ಲ. ಮುಂಗಾರು ಹಿಡಿಯುವ ಮೊದಲು ಅಜ್ಜಿಯ ಮೊಮ್ಮಗ ತಮ್ಮ ಸೂರಿನ ಉದ್ದಕ್ಕೂ ತಗಡಿನ ದೋಣಿ ಕಟ್ಟಿಸಿ ನೀರನ್ನು ಬೀದಿಯ ಕಡೆಗೆ ತಿರುಗಿಸಿದನಂತೆ. ಎದುರು ಮನೆಯವರು ಇನ್ನೂ ಕಟ್ಟಿಸಿಲ್ಲ.